ಬಲೂನಿನ ಮೇಲೆ ನಿಂತ ಎಂಜಲು

ತೀವ್ರ ನಿಗಾ ಘಟಕದಲ್ಲಿ ಮಲಗಿರುವವರಿಗೆ ಟ್ರೇಕಿಯಾಸ್ಟಮಿ, ಅಂದರೆ ಕುತ್ತಿಗೆಯಲ್ಲಿ ರಂಧ್ರ ಮಾಡಿ ಶ್ವಾಸನಾಳಕ್ಕೆ ಉಸಿರಾಟದ ಕೊಳವೆ ಇಳಿಸುವ ಶಸ್ತ್ರಕ್ರಿಯೆ, ಆದ ಕೂಡಲೇ ಮನೆಯವರ ಕಣ್ಣು ಹೋಗುವುದು ಕುತ್ತಿಗೆಯ ಗಾಯದ ಕಡೆಗೆ. "ಕೊಯ್ದ ಜಾಗ ನಂಜಾಗುವುದಿಲ್ಲವೇ?" ಎಂದು ಕೇಳುತ್ತಾರೆ. ಆಗಬಹುದು. ಆದರೆ ಆ ನಂಜು ಕಣ್ಣಿಗೆ ಕಾಣುತ್ತದೆ, ದಿನವೂ ಶುಚಿಮಾಡಿ ಪಟ್ಟಿ ಬದಲಿಸಿದರೆ ಬಹುಮಟ್ಟಿಗೆ ಹತೋಟಿಯಲ್ಲಿರುತ್ತದೆ. 1985ರಲ್ಲಿ ಸಿಯಾಗ್ಲಿಯಾ ಎಂಬ ವೈದ್ಯರು ಸೂಜಿ, ತಂತಿಗಳ ನೆರವಿನಿಂದ ರಂಧ್ರವನ್ನು ಹಿಗ್ಗಿಸುವ ವಿಧಾನವನ್ನು ಪ್ರಕಟಿಸಿದ ಮೇಲೆ ಕೊಯ್ತವೂ ಚಿಕ್ಕದಾಯಿತು, ಗಾಯದ ಸೋಂಕೂ ಕಡಿಮೆಯಾಯಿತು. ಹೆಚ್ಚು ಹೆದರಬೇಕಾದದ್ದು ರೋಗಿಯ ಸ್ವಂತ ಬಾಯಿಯಿಂದ ಇಳಿದುಬರುವ ಎಂಜಲಿಗೆ.

ಶ್ವಾಸನಾಳದೊಳಗೆ ಕೂತ ಕೊಳವೆಯ ಸುತ್ತ ಗಾಳಿ ತುಂಬಿದ ಪುಟ್ಟ ಬಲೂನೊಂದು ಇರುತ್ತದೆ. ವೆಂಟಿಲೇಟರ್ ತಳ್ಳಿದ ಗಾಳಿ ಮೇಲಕ್ಕೆ ಸೋರದಂತೆ ಅದು ತಡೆಯುತ್ತದೆ. ಸರಿಯಾಗಿ ನುಂಗಲಾಗದ ರೋಗಿಯ ಎಂಜಲು ಗಂಟಲಿನಿಂದ ಜಾರಿ ಇದೇ ಬಲೂನಿನ ನೆತ್ತಿಯ ಮೇಲೆ ನಿಲ್ಲುತ್ತದೆ. ಬಲೂನು ಸಾಮಾನ್ಯವಾಗಿ ಶ್ವಾಸನಾಳಕ್ಕಿಂತ ಅಗಲ. ಕೊಡದ ಬಾಯಿಗೆ ದೊಡ್ಡ ಬಟ್ಟೆ ತುರುಕಿದರೆ ನೆರಿಗೆ ಬೀಳುವುದಿಲ್ಲವೇ? ಹಾಗೆಯೇ ಇಲ್ಲಿಯೂ. ಕೆರೆಯ ಏರಿಯಲ್ಲಿ ಇಲಿ ತೋಡಿದ ಬಿಲದಿಂದ ನೀರು ಒಸರುವಂತೆ, ಆ ನೆರಿಗೆಗಳಲ್ಲಿ ಎಂಜಲು ಹನಿಹನಿಯಾಗಿ ಶ್ವಾಸಕೋಶಕ್ಕೆ ಇಳಿಯುತ್ತದೆ. ಹಾಗೆಂದು ಬಲೂನನ್ನು ಬಿಗಿಯಾಗಿ ಊದುವಂತಿಲ್ಲ. ನಾಳದ ಗೋಡೆಗೆ ರಕ್ತ ಹರಿಯುವುದೇ ನಿಂತು ಅಲ್ಲಿ ಹುಣ್ಣಾಗುತ್ತದೆ. 20ರಿಂದ 30 ಸೆಂಟಿಮೀಟರ್ ನೀರಿನ ಒತ್ತಡ, ಅಷ್ಟೇ ಇರುವ ಅವಕಾಶ. ಅದಕ್ಕೆ ಜೋಡಿಸಿ ಹೊರಗೆ ಬಿಟ್ಟಿರುವ ಸೂಚಕ ಬಲೂನನ್ನು ಬೆರಳಿನಿಂದ ಒತ್ತಿ ನೋಡಿ "ಸರಿಯಿದೆ" ಎನ್ನುವುದು ಸಾಲದು, ಮಾಪಕ ಹಿಡಿದೇ ಅಳೆಯಬೇಕು.

ಈ ಬಲೂನಿನ ಕಥೆ 1952ರ ಕೋಪನ್‌ಹೇಗನ್‌ಗೆ ಹೋಗುತ್ತದೆ. ಪೋಲಿಯೊ ಪಿಡುಗಿನಲ್ಲಿ ಮಕ್ಕಳು ತಮ್ಮದೇ ಎಂಜಲು, ಕಫದಲ್ಲಿ ಉಸಿರುಕಟ್ಟಿ ಸಾಯುತ್ತಿದ್ದರು. ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸೆನ್ ಆಗಸ್ಟ್ 27ರಂದು 12 ವರ್ಷದ ಹುಡುಗಿಯೊಬ್ಬಳ ಕುತ್ತಿಗೆಯಲ್ಲಿ ರಂಧ್ರ ಮಾಡಿಸಿ, ಬಲೂನಿರುವ ಕೊಳವೆ ಇಳಿಸಿ, ಕಫ ಹೀರಿ, ಚೀಲವನ್ನು ಕೈಯಿಂದ ಒತ್ತಿ ಉಸಿರಾಡಿಸಿದರು. ಹುಡುಗಿ ಬದುಕಿದಳು. ಮುಂದೆ ಸುಮಾರು 1500 ವಿದ್ಯಾರ್ಥಿಗಳು ಸರದಿಯ ಮೇಲೆ ಕೂತು ಹಗಲೂ ರಾತ್ರಿ ಚೀಲ ಒತ್ತಿದರು. ಇಂದಿನ ತೀವ್ರ ನಿಗಾ ಘಟಕ ಹುಟ್ಟಿದ್ದು ಆ ವಾರ್ಡುಗಳಲ್ಲಿ ಎಂದೇ ನಾನು ನಂಬಿದ್ದೇನೆ.

ಎಂಜಲನ್ನು ತಡೆದು ಜೀವ ಉಳಿಸಿದ ಅದೇ ಕೊಳವೆ ದೇಹದ ಇತರ ಕಾವಲುಗಳನ್ನು ಬದಿಗೆ ಸರಿಸುತ್ತದೆ. ಗಾಳಿಯನ್ನು ಸೋಸಿ, ಬಿಸಿಮಾಡಿ, ತೇವಗೊಳಿಸುವ ಮೂಗು ದಾರಿಯಲ್ಲೇ ಇಲ್ಲ. ಒಣಗಾಳಿಗೆ ಕಫ ಗಟ್ಟಿಯಾಗುತ್ತದೆ, ಗಾಳಿಗೆ ಬಾಗುವ ಭತ್ತದ ಪೈರಿನಂತೆ ಅಲೆಯೆಬ್ಬಿಸಿ ಕಫವನ್ನು ಮೇಲಕ್ಕೆ ದೂಡುವ ಸೂಕ್ಷ್ಮ ರೋಮಗಳು ಸೋಲುತ್ತವೆ. ಕೆಮ್ಮಲು ಗಂಟಲು ಮುಚ್ಚಿ ಒತ್ತಡ ಕಟ್ಟಬೇಕು. ಗಂಟಲಿನ ಕೆಳಗೇ ಕೊಳವೆ ಇರುವಾಗ ಅದು ಆಗದು.

ಬಾವಿಯ ಮೆಟ್ಟಿಲಿಗೆ ಪಾಚಿ ಹಿಡಿದಂತೆ ಸೂಡೋಮೊನಾಸ್, ಸ್ಟಫೈಲೊಕಾಕಸ್‌ನಂಥ ಬ್ಯಾಕ್ಟೀರಿಯಾಗಳು ಕೊಳವೆಯೊಳಗೆ ಲೋಳೆಯ ಪದರ ಕಟ್ಟಿಕೊಳ್ಳುತ್ತವೆ. ಕಫದ ಪರೀಕ್ಷೆಯಲ್ಲಿ ಅವು ಸಿಕ್ಕ ಮಾತ್ರಕ್ಕೆ ಸೋಂಕಾಗಿದೆ ಎಂದಲ್ಲ. ಜ್ವರ, ಎಕ್ಸ್‌ರೇಯಲ್ಲಿ ಹೊಸ ಮಬ್ಬು, ಕುಸಿಯುವ ಆಮ್ಲಜನಕ ಇವೆಲ್ಲವನ್ನೂ ಕೂಡಿಸಿ ನೋಡಬೇಕು. ವರದಿ ಹಿಡಿದುಕೊಂಡು "ಇನ್ನೂ ಜೋರಾದ ಆ್ಯಂಟಿಬಯಾಟಿಕ್ ಕೊಡಿ" ಎಂದು ವೈದ್ಯರನ್ನು ಒತ್ತಾಯಿಸಿದರೆ ಮದ್ದಿಗೆ ಬಗ್ಗದ ತಳಿಗಳಷ್ಟೇ ಉಳಿದುಕೊಳ್ಳುತ್ತವೆ.

ಇನ್ನೊಂದು ಮಾತು, ಹೇಳದೆ ಇರಲಾರೆ. ಭಕ್ತಿಯಿಂದ ತಂದ ತೀರ್ಥವನ್ನು ನರ್ಸ್ ಅತ್ತ ತಿರುಗಿದಾಗ ರೋಗಿಯ ಬಾಯಿಗೆ ಒಂದು ಚಮಚ ಹಾಕುವವರಿದ್ದಾರೆ. ನುಂಗಲಾಗದವರಲ್ಲಿ ಅದು ಹೊಟ್ಟೆಗೆ ಹೋಗದೆ ಬಾಯಿಯ ಕ್ರಿಮಿಗಳನ್ನು ಕರೆದುಕೊಂಡು ನೇರವಾಗಿ ಬಲೂನಿನ ಮೇಲೆ ಬಂದು ನಿಲ್ಲಬಹುದು. ತೀರ್ಥವನ್ನು ಹಣೆಗೆ ಹಚ್ಚಿ. ತಲೆದೆಸೆ 30 ಡಿಗ್ರಿಯಾದರೂ ಎತ್ತರದಲ್ಲಿದೆಯೇ, ಬಾಯಿ ಶುಚಿಮಾಡಿದ್ದಾರೆಯೇ ಎಂದು ಕೇಳಿ. ರೋಗಿಯ ಕೈ ಹಿಡಿಯುವ ಮುನ್ನ ನಿಮ್ಮ ಕೈ ತೊಳೆದುಕೊಳ್ಳಿ.