ಮದುವೆ ಆಗಿಲ್ಲ, ಮಗುವಿನ ಬರ್ತ್ ಸರ್ಟಿಫಿಕೇಟ್‌ಗೆ ಅಪ್ಪನ ಹೆಸರು ಕೊಡ್ಲೇಬೇಕಾ?

ಬೇಡ. ಯಾರೂ ಒತ್ತಾಯ ಮಾಡೋ ಹಾಗಿಲ್ಲ, 2015ರ ಜುಲೈ 6ಕ್ಕೆ ಸುಪ್ರೀಂ ಕೋರ್ಟೇ ಹೇಳಿದೆ. ಆ ಕೇಸಲ್ಲಿ ತಾಯಿ ಹೆಸರು ಎಲ್ಲೂ ಇಲ್ಲ, ಎಬಿಸಿ ಅಂತಷ್ಟೇ ಇದೆ, ಎದುರುಗಡೆ ದೆಹಲಿ ಸರ್ಕಾರ.

ಆಯಮ್ಮ ಓದಿದವರು, ದುಡೀತಿದ್ದವರು, 2010ರಲ್ಲಿ ಹುಟ್ಟಿದ ಮಗನ್ನ ಒಬ್ರೇ ಸಾಕ್ತಿದ್ರು. ತಮ್ಮ ಉಳಿತಾಯ, ಇನ್ಶೂರೆನ್ಸಿಗೆ ಮಗನ್ನ ನಾಮಿನಿ ಮಾಡೋಣ ಅಂತ ಹೋದ್ರೆ ಅಪ್ಪನ ಹೆಸರು ಹೇಳಿ, ಇಲ್ಲಾಂದ್ರೆ ಕೋರ್ಟಿಂದ ಗಾರ್ಡಿಯನ್ ಅಂತ ಬರೆಸ್ಕೊಂಡು ಬನ್ನಿ ಅಂದ್ರು. ಸರಿ ಅಂತ ಕೋರ್ಟಿಗೆ ಹೋದ್ರೆ ಅಲ್ಲೂ ಅದೇ, ಅಪ್ಪನಿಗೆ ನೋಟಿಸ್ ಹೋಗ್ಬೇಕು, ಹೆಸರು ವಿಳಾಸ ಕೊಡಿ. ಅವನಿಗೆ ಬೇರೆ ಸಂಸಾರ ಇದೆ, ಕೊಡಲ್ಲ ಅಂತ ಇವರು ಪಟ್ಟು ಹಿಡಿದ್ರು. ಕೆಳಗಿನ ಕೋರ್ಟು ಅರ್ಜಿ ವಜಾ ಮಾಡ್ತು, ದೆಹಲಿ ಹೈಕೋರ್ಟೂ ವಜಾ ಮಾಡ್ತು. ಹೆತ್ತು ಸಾಕ್ತಿರೋಳು ತಾನೇ ಗಾರ್ಡಿಯನ್ ಅನ್ನಿಸ್ಕೊಳ್ಳೋಕೆ, ಮಗುವಿನ ಬಾಳಲ್ಲೇ ಇಲ್ದವನಿಗೆ ನೋಟಿಸ್ ಕೊಡ್ಬೇಕಂತೆ, ಓದಿದಾಗ್ಲೆಲ್ಲ ನಂಗೆ ಹೊಟ್ಟೆ ಉರಿಯುತ್ತೆ.

ಸುಪ್ರೀಂ ಕೋರ್ಟಿಗೆ ಬರೋಷ್ಟರಲ್ಲಿ ಹುಡುಗನಿಗೆ ಐದು ವರ್ಷ, ಇನ್ನೂ ಬರ್ತ್ ಸರ್ಟಿಫಿಕೇಟೇ ಇರಲಿಲ್ಲ. ಜಸ್ಟಿಸ್ ವಿಕ್ರಮಜಿತ್ ಸೇನ್ ಅವರ ಪೀಠ ನೋಟಿಸ್ ಬೇಡ ಅಂತು, ಮಗುವಿನ ಹಿತ ಮೊದಲು, ಮುಂದೆ ಅಪ್ಪನಿಗೆ ಕಾಳಜಿ ಇದ್ರೆ ಅವನೇ ಕೋರ್ಟಿಗೆ ಬರ್ಲಿ ಅಂತು. ಜೊತೆಗೆ ಎಲ್ಲಾ ತಾಯಂದಿರಿಗೂ ಆಗೋ ಹಾಗೆ ಇನ್ನೊಂದು ಆದೇಶ ಕೊಡ್ತು, ಮದುವೆ ಆಗದ ತಾಯಿ ಬರ್ತ್ ಸರ್ಟಿಫಿಕೇಟ್ ಕೇಳಿದ್ರೆ ಒಂದು ಅಫಿಡವಿಟ್ (ಪ್ರಮಾಣ ಮಾಡಿ ಬರೆದುಕೊಡೋ ಹೇಳಿಕೆ) ಮಾತ್ರ ತಗೊಂಡು ಸರ್ಟಿಫಿಕೇಟ್ ಕೊಡ್ಬೇಕು ಅಂತ.

ಹಾಗಾಗಿ ನೀವು ಅಫಿಡವಿಟ್ ಮಾಡಿಸಿ, ಜೊತೆಗೆ ಈ ತೀರ್ಪಿನ ಪ್ರತಿ ಇಟ್ಕೊಂಡು ಹೋಗಿ. ಆಗಲ್ಲ ಅಂದ್ರೆ ಬಾಯ್ಮಾತಲ್ಲಿ ಒಪ್ಕೊಂಡು ವಾಪಸ್ ಬರ್ಬೇಡಿ, ಯಾಕೆ ಆಗಲ್ಲ ಅಂತ ಹಿಂಬರಹ, ಅಂದ್ರೆ ಬರವಣಿಗೆಯಲ್ಲಿ ಉತ್ತರ, ಕೇಳಿ. ಪಾಸ್‌ಪೋರ್ಟಿಗೆ 2016ರ ಕೊನೆಯಿಂದ ತಾಯಿ ಅಥವಾ ತಂದೆ, ಒಬ್ಬರ ಹೆಸರಿದ್ರೆ ಸಾಕು, ಪ್ಯಾನ್ ಕಾರ್ಡಿಗೂ 2018ರ ಡಿಸೆಂಬರಿಂದ ಒಂಟಿ ತಾಯಿಯ ಮಕ್ಕಳಿಗೆ ಅಪ್ಪನ ಹೆಸರು ಕಡ್ಡಾಯ ಅಲ್ಲ.

ಹೆಸರು ಬೇಡ ಅಂದ್ರೆ ಅವನ ಜವಾಬ್ದಾರಿ ಮುಗೀತು ಅಂತಲ್ಲ. ಮದುವೆ ಇಲ್ದೆ ಹುಟ್ಟಿದ ಮಗುವಿಗೂ ಅಪ್ಪನಿಂದ ಜೀವನಾಂಶ ಕೇಳೋ ಹಕ್ಕಿದೆ, ಮೊದಲು ಸಿಆರ್‌ಪಿಸಿ (ಹಳೇ ಕ್ರಿಮಿನಲ್ ಪ್ರಕ್ರಿಯೆ ಕಾನೂನು) 125ನೇ ಸೆಕ್ಷನ್, ಈಗ ಅದರ ಜಾಗಕ್ಕೆ ಬಂದಿರೋ ಬಿಎನ್‌ಎಸ್‌ಎಸ್ ಕಾನೂನಿನ 144ನೇ ಸೆಕ್ಷನ್. ಆದ್ರೆ ಆಗ ಅವನ ಹೆಸರು ಹೊರಗೆ ಬರ್ಲೇಬೇಕು, ಅವನು ನನ್ನ ಮಗು ಅಲ್ಲ ಅಂದ್ರೆ ಡಿಎನ್‌ಎ ಟೆಸ್ಟಿನವರೆಗೂ ಹೋಗ್ಬಹುದು, ಅದಕ್ಕೇ ಅರ್ಜಿ ಹಾಕೋ ಮೊದಲು ವಕೀಲರ ಹತ್ರ ಕೂತು ಮಾತಾಡಿ.