ದೆವ್ವ ಬೇಟೆಯ ಕಥೆಗಳು ಬಳ್ಳಾರಿಗೆ ಬಂದ ದಾರಿ

2025ರ ಜೂನ್‌ನಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ‘ಕೆಪಾಪ್ ಡೀಮನ್ ಹಂಟರ್ಸ್’ ಎಂಬ ಅನಿಮೇಷನ್ ಸಿನಿಮಾ ಬಂತು. ಅದರಲ್ಲಿ ಕೊರಿಯಾದ ಮೂವರು ಪಾಪ್ ಗಾಯಕಿಯರು ವೇದಿಕೆ ಮೇಲೆ ಹಾಡುತ್ತಾರೆ, ಮರೆಯಲ್ಲಿ ರಾಕ್ಷಸರ ಬೇಟೆ ಆಡುತ್ತಾರೆ. ಬಳ್ಳಾರಿ, ರಾಯಚೂರು, ಕೊಪ್ಪಳದ ಮನೆಗಳಿಗೂ ಅದು ಬಂತು. ಮಕ್ಕಳು ಖುಷಿಪಟ್ಟರು, ಹಿರಿಯರು ಗಾಬರಿಯಾದರು. “ದೆವ್ವದ ಗೀಳು ಹಚ್ಚಿಕೊಂಡಾವ” ಅನ್ನುವವರಿದ್ದಾರೆ. “ನಮ್ಮ ಪುರಾಣದಾಗ ಇರಲಾರದ್ದು ಇದರಾಗೇನೈತಿ” ಅನ್ನುವವರೂ ಇದ್ದಾರೆ. ಈ ಎರಡು ಮಾತು ಕಲೆತು ವಿಷಯ ಗೋಜಲಾಗಿದೆ.

ಈ ಬಗೆಯ ಕಥೆಗೆ ಅರ್ಬನ್ ಫ್ಯಾಂಟಸಿ ಅನ್ನುತ್ತಾರೆ. ಇಲ್ಲಿ ಮಾಯೆ ದೂರದ ಕಾಡಿನಲ್ಲಿ ಇರುವುದಿಲ್ಲ. ಬಸ್ಸು, ಕಾಲೇಜು, ಸಿಗ್ನಲ್ ಇರುವ ಊರಲ್ಲೇ ಇರುತ್ತದೆ, ಸಾಮಾನ್ಯರ ಕಣ್ಣಿಗೆ ಮಾತ್ರ ಬೀಳುವುದಿಲ್ಲ. 1897ರ ಕಾದಂಬರಿಯಲ್ಲಿ ರಕ್ತಪಿಶಾಚಿ ಡ್ರಾಕುಲಾ ಲಂಡನ್ನಿಗೆ ಬಂದ. 1980ರ ದಶಕದಲ್ಲಿ ಅಮೆರಿಕ, ಕೆನಡಾದ ಲೇಖಕರು ಜಾನಪದದ ಜೀವಿಗಳನ್ನು ಪೇಟೆಗೆ ಕರೆತಂದರು. 1997ರಲ್ಲಿ ಬಫಿ ಎಂಬ ಹೈಸ್ಕೂಲ್ ಹುಡುಗಿ ಟಿವಿಯಲ್ಲಿ ರಕ್ತಪಿಶಾಚಿಗಳ ಬೆನ್ನು ಹತ್ತಿದಳು.

2007 ಮುಖ್ಯವಾದ ವರ್ಷ. ಆ ವರ್ಷ ಕಸಾಂಡ್ರಾ ಕ್ಲೇರ್ ಅವರ ‘ಸಿಟಿ ಆಫ್ ಬೋನ್ಸ್’ ಬಂತು. ನ್ಯೂಯಾರ್ಕಿನ ಕ್ಲೇರಿ ಎಂಬ 15 ವರ್ಷದ ಹುಡುಗಿಗೆ ಒಂದು ದಿನ ಬೇರೆಯವರಿಗೆ ಕಾಣದ್ದು ಕಾಣತೊಡಗುತ್ತದೆ. ಊರಿನ ನಡುವೆಯೇ ಷ್ಯಾಡೋಹಂಟರ್ ಎಂಬ ಬೇಟೆಗಾರರ ಕುಲವಿದೆ. ಅವರ ಮೈಯಲ್ಲಿ ದೇವದೂತನ ರಕ್ತ. ಚರ್ಮದ ಮೇಲೆ ಗುರುತು ಬರೆದುಕೊಂಡು ಬಲ ಪಡೆಯುತ್ತಾರೆ. ಈ ಸರಣಿಯ ಆರನೆಯ ಪುಸ್ತಕ 2014ರಲ್ಲಿ ಬಂತು. ಮಧ್ಯೆ 2013ರಲ್ಲಿ ಸಿನಿಮಾ ಆಯಿತು, 2016ರಿಂದ 2019ರವರೆಗೆ ಟಿವಿ ಸರಣಿ ನಡೆಯಿತು.

ಗಾಬರಿಪಡುವವರು ಗಮನಿಸದ ಒಂದು ಸಂಗತಿ ಆ ಪುಸ್ತಕಗಳಲ್ಲಿದೆ. ಬೇಟೆಗಾರರು ಎಲ್ಲರನ್ನೂ ಕೊಲ್ಲುವ ಹಾಗಿಲ್ಲ. ತೋಳಮನುಷ್ಯರು, ರಕ್ತಪಿಶಾಚಿಗಳು, ರಾಕ್ಷಸನಿಗೂ ಮನುಷ್ಯರಿಗೂ ಹುಟ್ಟಿದ ಮಾಟಗಾರರು, ಇವರೆಲ್ಲರ ಜೊತೆ ಅವರಿಗೆ ಒಪ್ಪಂದವಿದೆ. ಆ ಒಪ್ಪಂದ ಮುರಿದು ಎಲ್ಲರನ್ನೂ ಮುಗಿಸಬೇಕು ಅನ್ನುವವನೇ ಅಲ್ಲಿ ಖಳನಾಯಕ. ಅಂದರೆ ಯಾರನ್ನು ರಾಕ್ಷಸ ಅನ್ನಬೇಕು, ಹಾಗಂತ ಹೇಳುವ ಅಧಿಕಾರ ಯಾರಿಗಿದೆ ಎಂಬುದೇ ಕಥೆಯ ಜೀವ. ಹದಿನೈದರ ಮಕ್ಕಳಿಗೆ ಇದು ತಟ್ಟನೆ ತಾಗುತ್ತದೆ.

ನಮ್ಮ ಕಡೆಗೆ ಇವೆಲ್ಲ ಪುಸ್ತಕಕ್ಕಿಂತ ಮೊಬೈಲ್ ಮೂಲಕವೇ ಜಾಸ್ತಿ ಬಂದವು. ಆ ಟಿವಿ ಸರಣಿ ಶುರುವಾದ 2016ರ ಜನವರಿಯಲ್ಲೇ ನೆಟ್‌ಫ್ಲಿಕ್ಸ್ ಭಾರತಕ್ಕೆ ಬಂತು. ಸೆಪ್ಟೆಂಬರ್‌ನಲ್ಲಿ ಜಿಯೋ ಬಂದು ಡೇಟಾ ಅಗ್ಗವಾಯಿತು. ಇಂಗ್ಲಿಷ್ ಕಾದಂಬರಿಗಾಗಿ ಬೆಂಗಳೂರು, ಹೈದರಾಬಾದ್ ಕಡೆ ನೋಡುವ ಕಾಲ ಅಲ್ಲಿಗೆ ಮುಗಿಯಿತು.

ಹಾಗಂತ ಇಲ್ಲಿ ಮೊದಲು ಏನೂ ಇರಲಿಲ್ಲ ಅಂತಲ್ಲ. 1949ರಲ್ಲಿ ಶುರುವಾದ ಕನ್ನಡ ಚಂದಮಾಮ ಬೇತಾಳನನ್ನು ಮನೆಮನೆಗೆ ತಂದಿತ್ತು. 1980ರ ದಶಕದಲ್ಲಿ ಯಂಡಮೂರಿ ವೀರೇಂದ್ರನಾಥರ ‘ತುಳಸಿದಳ’ ತೆಲುಗಿನಿಂದ ಕನ್ನಡಕ್ಕೆ ಬಂದು ಎಷ್ಟೋ ಜನರ ನಿದ್ದೆ ಕೆಡಿಸಿತು. 1985ರಲ್ಲಿ ಕನ್ನಡದಲ್ಲಿ ಸಿನಿಮಾ ಕೂಡ ಆಯಿತು. ಬಳ್ಳಾರಿ, ರಾಯಚೂರಿನಲ್ಲಿ ಎರಡೂ ಭಾಷೆ ಆಡುವ ಮನೆಗಳು ಬೇಕಾದಷ್ಟಿವೆ. ಅನುವಾದಕ್ಕೆ ಕಾಯದೆ ತೆಲುಗಿನಲ್ಲೇ ಓದಿದವರು ಇಲ್ಲಿ ಸಿಗುತ್ತಾರೆ. ಅದು ಪೇಟೆಯ ಕಥೆ, ಓದಿದವರ ಮನೆಯ ಕಥೆ. ಮಾಟ ಒಂದು ಕಡೆ, ವೈದ್ಯ ಇನ್ನೊಂದು ಕಡೆ. ಆದರೆ ಅಲ್ಲಿ ತುಳಸಿ ಎಂಬ ಮಗು ಮಾಟಕ್ಕೆ ಗುರಿ. ಹೋರಾಟವೆಲ್ಲ ದೊಡ್ಡವರದು. ಕ್ಲೇರಿಯ ಕಥೆಯಲ್ಲಿ ಆಯುಧ ಹುಡುಗಿಯ ಕೈಯಲ್ಲೇ ಇದೆ. ಕನ್ನಡದಲ್ಲಿ ಹಾರರ್ ಬಂತು, ಹದಿಹರೆಯದವರಿಗೆ ಅದರಲ್ಲಿ ಜಾಗ ಸಿಗಲಿಲ್ಲ. ಚಂದಮಾಮ ನಿಂತ ಮೇಲೆ ಆ ಅಂತರ ಇನ್ನೂ ದೊಡ್ಡದಾಯಿತು. ಇವತ್ತಿಗೂ ಮಕ್ಕಳ ಕಥೆ ಮುಗಿಸಿದ ಹುಡುಗಿ ಕನ್ನಡದಲ್ಲಿ ನೇರವಾಗಿ ದೊಡ್ಡವರ ಕಾದಂಬರಿಗೇ ಹೋಗಬೇಕು.

ಹಿರಿಯರ ಗಾಬರಿಗೆ ಕಾರಣ ಇಲ್ಲ ಅಂತಲೂ ಹೇಳಲಾಗದು. ಕಲ್ಯಾಣ ಕರ್ನಾಟಕದಲ್ಲಿ ಬಾನಾಮತಿ ಎಂಬ ಮಾಟ ಬರೀ ಕಥೆಯಲ್ಲ. ಆ ಅನುಮಾನಕ್ಕೆ ಸಿಕ್ಕಿ ಪೆಟ್ಟು ತಿಂದವರಿದ್ದಾರೆ, ಊರು ಬಿಟ್ಟವರಿದ್ದಾರೆ. ದೆವ್ವ ಬಿಡಿಸುವ ನೆಪದಲ್ಲಿ ಕಟ್ಟಿಹಾಕುವುದು, ಹೊಡೆಯುವುದು ರಾಜ್ಯದ 2017ರ ಮಾಟಮಂತ್ರ ತಡೆ ಕಾಯ್ದೆ ಪ್ರಕಾರ ಅಪರಾಧ. ಇಂಥ ಕಡೆ ರಾಕ್ಷಸ ಬೇಟೆ ಅಂದರೆ ಮೈ ಜುಮ್ಮೆನ್ನುವುದು ಸಹಜ, ಅಲ್ವಾ? ಆದರೆ ಅದೇ ಕಾರಣಕ್ಕೆ ಈ ಕಥೆಗಳು ಇಲ್ಲಿ ಬೇಕು ಅನಿಸುತ್ತದೆ. “ಇವಳು ಮನುಷ್ಯಳಲ್ಲ” ಎಂದು ಊರು ಕೈ ತೋರಿಸಿದಾಗ ಬೇಟೆಗಾರ ಏನು ಮಾಡಬೇಕು? ಒಳ್ಳೆಯ ಅರ್ಬನ್ ಫ್ಯಾಂಟಸಿ ಹುಡುಗರನ್ನು ಈ ಪ್ರಶ್ನೆಯ ಎದುರು ನಿಲ್ಲಿಸುತ್ತದೆ. ಹೆದರಿ ಮುಚ್ಚಿಟ್ಟರೆ ಆ ಪ್ರಶ್ನೆ ಕೇಳುವ ಅವಕಾಶವೂ ಹೋಗುತ್ತದೆ.

ಇನ್ನು “ನಮ್ಮ ಪುರಾಣದಾಗ ಐತಲ್ಲ” ಎಂಬ ಮಾತು. ಹೌದು, ಇದೆ. ಬಲ್ಲ ಎಂಬ ಅಸುರನನ್ನು ಇಂದ್ರ ಕೊಂದ ಜಾಗ ಬಳ್ಳಾರಿ ಎಂಬ ಐತಿಹ್ಯವಿದೆ. ಆನೆಗೊಂದಿಯ ಸುತ್ತ ಕಿಷ್ಕಿಂಧೆಯ ಕಥೆಗಳಿವೆ. ಕೊಪ್ಪಳದ ತೊಗಲುಗೊಂಬೆಯಾಟದ ಹಿರಿಯ ಕಲಾವಿದೆ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಇಷ್ಟೆಲ್ಲ ಇದ್ದರೂ ನಮ್ಮ ರಾಕ್ಷಸರು ಪುರಾಣ ಬಿಟ್ಟು ಈಚೆ ಬರಲಿಲ್ಲ. ಆದರೆ ‘ಕೆಪಾಪ್ ಡೀಮನ್ ಹಂಟರ್ಸ್’ ತನ್ನ ಬೇಟೆಗಾರ್ತಿಯರ ಮೂಲವನ್ನು ಕೊರಿಯಾದ ಮುದಂಗ್‌ಗಳಲ್ಲಿ, ಅಂದರೆ ಮೈಮೇಲೆ ದೇವರು ಬರುವ ಹೆಂಗಸರಲ್ಲಿ ಕಂಡಿದೆ. ಹುಲಿಗಿಯ ಹುಲಿಗೆಮ್ಮನ ಜಾತ್ರೆ ನೋಡಿದವರಿಗೆ ಇದು ಅಪರಿಚಿತವಲ್ಲ. 2025ರಲ್ಲೇ ಬಂದ ಮಲಯಾಳಂ ಸಿನಿಮಾ ‘ಲೋಕಃ’ ಕೇರಳದ ಯಕ್ಷಿ ನೀಲಿಯನ್ನು ಇವತ್ತಿನ ಬೆಂಗಳೂರಿಗೆ ತಂದು ನಿಲ್ಲಿಸಿತು. ಊರು ನಮ್ಮದು, ಯಕ್ಷಿ ಅವರದು!

ಕನ್ನಡದಲ್ಲಿ ಈಗ ದೆವ್ವದ ಕಥೆ ಬರೆಯುವವರು ಪ್ರತಿಲಿಪಿಯಂಥ ಆ್ಯಪ್‌ಗಳಲ್ಲಿದ್ದಾರೆ, ಅವರಿಗೆ ಓದುಗರೂ ಇದ್ದಾರೆ. ಆದರೆ ಕಥೆ ಸುತ್ತಿ ಬಳಸಿ ಹಾಳು ಮನೆಗೆ, ಹುಣಸೆ ಮರಕ್ಕೆ ಹೋಗಿ ನಿಲ್ಲುವುದೇ ಜಾಸ್ತಿ. ಬಳ್ಳಾರಿಯ ಜೀನ್ಸ್ ಘಟಕಗಳಲ್ಲಿ ರಾತ್ರಿ ಪಾಳಿ ಏಕಿರಬಾರದು? ಶಕ್ತಿನಗರದ ವಿದ್ಯುತ್ ಸ್ಥಾವರದ ಚಿಮಣಿ, ಹಟ್ಟಿಯ ಚಿನ್ನದ ಗಣಿಯ ಆಳ, ಗಿಣಿಗೇರಿಯ ಕಾರ್ಖಾನೆಯ ಹೊಗೆ, ಇವುಗಳ ನಡುವೆ ಪಿಯುಸಿ ಹುಡುಗಿಯೊಬ್ಬಳು ಬೇಟೆಗೆ ಇಳಿಯಬಹುದಲ್ಲ. ಮೊದಲ ಕಂತು ಮೊಬೈಲಿನಲ್ಲೇ ಬರೆಯಬಹುದು, ಪ್ರಕಾಶಕರಿಗೆ ಕಾಯಬೇಕಿಲ್ಲ.