ಪದ ಪರಿಚಯ: ಮೇಲಿಂಗ್ ಸರ್ವಿಸ್‌ನ ‘ಜೀವಮಾನ ಸಾಧನೆ ಪ್ರಶಸ್ತಿ’

ಮೇಲಿಂಗ್ ಸರ್ವಿಸ್‌ಗೆ ಜೀವಮಾನ ಸಾಧನೆ ಪ್ರಶಸ್ತಿ ಅಂದ ತಕ್ಷಣ ಖಾಕಿ ಬಟ್ಟೆಯ ಪೋಸ್ಟ್‌ಮ್ಯಾನ್ ಕಣ್ಣ ಮುಂದೆ ಬರುತ್ತಾರೆ, ಅಲ್ವಾ? ಅವರಿಗೆ ಕೊಡುವುದು ಬೇರೆ ಪ್ರಶಸ್ತಿ. ಅಂಚೆ ಇಲಾಖೆ 1984ರಲ್ಲಿ ಶುರು ಮಾಡಿದ ಅದರ ಹೆಸರು ಮೇಘದೂತ. ಕಾಳಿದಾಸನ ಕಾವ್ಯದಲ್ಲಿ ಯಕ್ಷ ಮೋಡದ ಕೈಲಿ ಹೆಂಡತಿಗೆ ಸುದ್ದಿ ಕಳಿಸುತ್ತಾನಲ್ಲ, ಆ ಹೆಸರೇ. ಅದನ್ನು ಇಲಾಖೆ ತನ್ನ ಸಿಬ್ಬಂದಿಗೆ ಕೊಡುತ್ತದೆ.

ಮೇಲಿಂಗ್ ಸರ್ವಿಸ್ ಅಂದರೆ ಕಾಗದ ಅಂಚೆ ಕಚೇರಿ ಮುಟ್ಟುವುದಕ್ಕೆ ಮುಂಚಿನ ಕೆಲಸ. ಚಂದಾದಾರರ ಪತ್ರಿಕೆ, ಸಹಕಾರ ಸಂಘದ ಮಹಾಸಭೆಯ ನೋಟಿಸು, ಬ್ಯಾಂಕಿನ ಸ್ಟೇಟ್‌ಮೆಂಟು ಇವೆಲ್ಲ ಸಾವಿರಗಟ್ಟಲೆ ಒಟ್ಟಿಗೆ ಹೋಗಬೇಕು. ಅವನ್ನು ಅಚ್ಚು ಹಾಕಿ, ಮಡಚಿ, ಕವರಿಗೆ ತುಂಬಿ, ವಿಳಾಸ ಅಂಟಿಸಿ, ಪಿನ್ ಕೋಡ್ ಪ್ರಕಾರ ವಿಂಗಡಿಸಿ, ಕಟ್ಟು ಕಟ್ಟಿ ಅಂಚೆಗೆ ಒಪ್ಪಿಸಬೇಕು. ದುಡ್ಡು ತೆಗೆದುಕೊಂಡು ಇಷ್ಟನ್ನೂ ಮಾಡಿಕೊಡುವವರ ಕಸುಬು ಇದು. ದೊಡ್ಡ ಕಂಪನಿಗಳಲ್ಲಿ ಜಾಸ್ತಿ ಕೆಲಸ ಯಂತ್ರದ್ದು.

ನಾನು ಇದನ್ನು ಕಲಿತದ್ದು ತುಮಕೂರಿನ ಒಂದು ಪ್ರೆಸ್‌ನ ಹಿಂದಿನ ರೂಮಿನಲ್ಲಿ, ನೆಲದ ಮೇಲೆ ಕೂತು. ಅಲ್ಲಿ ಒಬ್ಬರು ಹಿರಿಯರಿದ್ದರು. ಒದ್ದೆ ಸ್ಪಂಜಿನ ಮೇಲೆ ಹೆಬ್ಬೆರಳು ಒತ್ತಿ, ಇಸ್ಪೀಟೆಲೆ ಹಂಚಿದ ಹಾಗೆ ಕವರುಗಳನ್ನು ಹಂಚುತ್ತಿದ್ದರು. ಊರಿನ ಹೆಸರು ಓದುತ್ತಲೇ ಇರಲಿಲ್ಲ, ಬರೀ ಪಿನ್ ನೋಡುತ್ತಿದ್ದರು. ಮೊದಲ ದಿನ ನಾನು ನಮ್ಮ ಜಿಲ್ಲೆಯ ಕವರೆಲ್ಲ ಒಂದೇ ಕಡೆ ಪೇರಿಸಿದೆ. ತಿಪಟೂರು 572201, ಕುಣಿಗಲ್ 572130, ಶಿರಾ 572137. ಅದರ ಮೇಲೆ ಪಾವಗಡ. ಅವರು ಪಾವಗಡದ್ದನ್ನು ಸುಮ್ನೆ ಎಳೆದು ಪಕ್ಕಕ್ಕೆ ಇಟ್ಟರು. “ಜಿಲ್ಲೆ ನಮ್ದೇ ಕಣಪ್ಪ, ಪಿನ್ ಮಾತ್ರ ಗೌರಿಬಿದನೂರಿನ ಕಡೇದು.” ನೋಡಿದರೆ ಹೌದು. ಪಾವಗಡ 561202, ಗೌರಿಬಿದನೂರು 561208.

1972ರ ಆಗಸ್ಟ್ 15ರಂದು ಬಂದ ಈ ಆರು ಅಂಕಿಗಳಲ್ಲಿ ಮೊದಲ ಮೂರು ಕಾಗದ ಯಾವ ವಿಂಗಡಣೆ ಜಿಲ್ಲೆಗೆ ಹೋಗಬೇಕು ಅಂತ ಹೇಳುತ್ತವೆ. ಕೊನೆಯ ಮೂರು ಅಲ್ಲಿನ ಅಂಚೆ ಕಚೇರಿಯದ್ದು. ಅಂಚೆಯ ಜಿಲ್ಲೆಯೂ ಸರ್ಕಾರದ ಜಿಲ್ಲೆಯೂ ಒಂದೇ ಆಗಿರಬೇಕಾಗಿಲ್ಲ. ಕವರು ತಪ್ಪು ಕಟ್ಟಿಗೆ ಸೇರಿದರೆ ಸುತ್ತಿಕೊಂಡು ಹೋಗುತ್ತದೆ, ಸಭೆ ಮುಗಿದ ಮೇಲೆ ನೋಟಿಸು ಮನೆಗೆ ಬರುತ್ತದೆ. ಯಾರೂ ಗಮನಿಸದ ಕೆಲಸ ಅಂತೀವಿ, ತಪ್ಪಾದ ದಿನ ಮಾತ್ರ ಎಲ್ಲರೂ ಗಮನಿಸುತ್ತಾರೆ.

ಈ ಕಸುಬಿಗೂ ಒಂದು ಜೀವಮಾನ ಸಾಧನೆ ಪ್ರಶಸ್ತಿ ಇದೆ ಅಂತ ಗೊತ್ತಾದಾಗ ನನಗೆ ನಿಜವಾಗಿ ಖುಷಿಯಾಯಿತು. ಅಮೆರಿಕದಲ್ಲಿ ಮೇಲಿಂಗ್ ಉದ್ಯಮದವರ ಸಂಘ ಕೊಡುತ್ತಾ ಬಂದದ್ದು ಮೈಲ್ಸ್ ಕಿಂಬಲ್ ಪ್ರಶಸ್ತಿ. ಕಿಂಬಲ್ ವಿಸ್ಕಾನ್ಸಿನ್ ರಾಜ್ಯದ ಆಶ್‌ಕಾಶ್ ಊರಿನಲ್ಲಿ ವ್ಯಾಪಾರ ಶುರು ಮಾಡಿದವರು. ಕೊಂಡವರ ಹೆಸರನ್ನೇ ಅಚ್ಚು ಹಾಕಿದ ಕ್ರಿಸ್‌ಮಸ್ ಕಾರ್ಡುಗಳನ್ನು ಅಂಚೆಯ ಮೂಲಕ ಮಾರಿ ಬೆಳೆದರು.

ಇಂಥದ್ದನ್ನು ಉದ್ಯಮ ಪ್ರಶಸ್ತಿ ಅನ್ನುತ್ತಾರೆ. ಕೊಡುವವರೂ ಅದೇ ಕಸುಬಿನವರು, ಎಷ್ಟೋ ಸಲ ಎದುರು ಅಂಗಡಿಯವರೇ. ಅದಕ್ಕೇ ಅದರ ತೂಕ ಜಾಸ್ತಿ ಅನ್ನುತ್ತೇನೆ. ಹತ್ತು ಸಾವಿರ ಕವರು ಒಂದೇ ರಾತ್ರಿಯಲ್ಲಿ ಮುಗಿಸುವುದು ಏನು ಅಂತ ಮಾಡಿದವನಿಗೇ ಗೊತ್ತು.

ಇನ್ನು ‘ಸಾಧನೆ’. ನಮ್ಮ ಕನ್ನಡದಲ್ಲಿ ಈ ಮಾತಿಗೆ ಎರಡು ಮುಖ. ಗರಡಿಯ ಹುಡುಗ ಮಾಡುವ ಅಂಗಸಾಧನೆಯೂ ಸಾಧನೆ, ಹಾಡುವವರು ಬೆಳಗಿನ ಜಾವ ಕೂರುವುದೂ ಸಾಧನೆ. ಅಂದರೆ ದಿನಾ ಮಾಡುವ ಅಭ್ಯಾಸ. ಕೊನೆಗೆ ಕೈಗೆ ಸಿಕ್ಕಿದ್ದಕ್ಕೂ ಅದೇ ಹೆಸರು. ಜೀವಮಾನ ಸಾಧನೆ ಅಂದಾಗ ನನಗೆ ಮೊದಲನೆಯ ಅರ್ಥವೇ ಹತ್ತಿರ. ಎಷ್ಟು ವರ್ಷ ದುಡಿದರು ಅನ್ನುವುದಷ್ಟೇ ಲೆಕ್ಕವಾದರೆ ಸಾಲದು. ಕಲಿತದ್ದನ್ನು ಬಚ್ಚಿಡದೆ ಇನ್ನೊಬ್ಬರ ಕೈಗೆ ದಾಟಿಸಿದರಾ ಅಂತಲೂ ನೋಡಬೇಕು.

ಆ ಹಿರಿಯರು ಕೆಲಸ ಬಿಡುವಾಗ ತಮ್ಮ ಪಿನ್ ಪುಸ್ತಕ ನನಗೆ ಕೊಟ್ಟರು. ಇನ್ನೂರು ಪುಟದ ನೋಟ್‌ಬುಕ್ಕು, ಅಂಚಿಗೆಲ್ಲ ಅಂಟಿನ ಕಲೆ. ಪಾವಗಡದ ಸಾಲಿಗೆ ಕೆಂಪು ಇಂಕಿನ ಗೆರೆ. ಹೊಸ ಹುಡುಗರು ಬಂದರೆ ಈಗಲೂ ಮೊದಲು ಪಾವಗಡದ ಕವರನ್ನೇ ಕೈಗೆ ಕೊಡುತ್ತೇನೆ.